ಯಾರೂ ಇಲ್ಲ ಅಂದವಳ ಅಕ್ಕ

ಕುದುಸಾನಳಂಥ ಹೆದರುಪುಕ್ಕಲಿಯನ್ನು ಈ ಊರಲ್ಲಿ ನಾನು ಇನ್ನೊಬ್ಬಳನ್ನು ಕಂಡಿಲ್ಲ. ಬೈದೆ ಎಂದುಕೊಳ್ಳಬೇಡಿ. ಎರಿಟ್ರಿಯಾದಿಂದ ಕತ್ತಲಲ್ಲಿ ಗಡಿ ದಾಟಿ, ಸುಡಾನಿನ ಮರಳಲ್ಲಿ ನಡೆದು, ಲಿಬಿಯಾದ ಸೆರೆಯಲ್ಲಿ ಬಿದ್ದು, ತೂತು ದೋಣಿಯಲ್ಲಿ ಸಮುದ್ರ ಹಾಯ್ದು ನಾರ್ವೆಗೆ ಬಂದ ಹೆಂಗಸು ಅವಳು. ಆಗೆಲ್ಲ ಹೆದರಲಿಲ್ಲವಂತೆ. ಇಲ್ಲಿಗೆ ಬಂದು ಇಬ್ಬರು ಗಂಡುಮಕ್ಕಳನ್ನು ಹೆತ್ತ ಮೇಲೆ ಹೆದರಿಕೆ ಹತ್ತಿಕೊಂಡಿತು. ಸಾಕುವುದು ಸರಿಯಿಲ್ಲ ಎನಿಸಿದರೆ ಮಕ್ಕಳನ್ನು ಬೇರೆ ಮನೆಗೆ ಒಯ್ಯುವ ಮಕ್ಕಳ ಇಲಾಖೆಯ ಕಚೇರಿ ಇರುವ ಬೀದಿಗೆ ಅವಳು ಕಾಲಿಡುತ್ತಿರಲಿಲ್ಲ. ಮೀನಿನ ಕಾರ್ಖಾನೆಯ ಕೆಲಸಕ್ಕೆ ಗುಡ್ಡ ಸುತ್ತಿ ಹೋಗುತ್ತಿದ್ದಳು.

"ಅವರ ಕಣ್ಣಿಗೆ ಬಿದ್ರೆ ಮುಗೀತು. ಮಕ್ಕಳನ್ನ ಎತ್ಕೊಂಡು ಹೋಗಿಬಿಡ್ತಾರೆ" ಎಂದು ಚರ್ಚಿನ ಹಿಂದೆ ಕಾಫಿ ಕುಡಿಯುವಾಗ ಗೆಳತಿಯರಿಗೆ ಪಿಸುಗುಡುತ್ತಿದ್ದಳು. ಮಕ್ಕಳಿಗೆ ಪಾಠ ಬೇರೆ ಹೇಳಿಕೊಟ್ಟಿದ್ದಳು: "ಟೀಚರ್ ಏನು ತಿಂದೆ ಅಂದ್ರೆ ಬ್ರೆಡ್ಡು, ಚೀಸು ಅನ್ನಿ. ಅಮ್ಮ ಬೈತಾಳಾ ಅಂದ್ರೆ, ನಮ್ಮಮ್ಮನಿಗೆ ಬೈಯೋಕೇ ಬರಲ್ಲ ಅನ್ನಿ." ಚಿಕ್ಕವನು ಶಾಲೆಗೆ ಹೋಗಿ, "ಬೈಯೋಕೇ ಬರಲ್ಲ ಅಂತ ಹೇಳು ಅಂದಿದ್ದಾಳೆ ಅಮ್ಮ, ಹೇಳದಿದ್ರೆ ಚೆನ್ನಾಗಿ ಬೈತಾಳೆ" ಎಂದುಬಿಟ್ಟ. ಟೀಚರ್ ಬಿದ್ದು ಬಿದ್ದು ನಕ್ಕರಂತೆ. ಇವಳಿಗೆ ವಾರಗಟ್ಟಲೆ ನಿದ್ದೆ ಇಲ್ಲ.

ನಾನು ಅಜಿಯೆಬ್, ನಾನೂ ಎರಿಟ್ರಿಯಾದವಳೇ. ನಮ್ಮವರ ಮಾತನ್ನು ನಾರ್ವೆಯವರಿಗೆ, ಅವರ ಮಾತನ್ನು ನಮ್ಮವರಿಗೆ ದಾಟಿಸುವುದು ನನ್ನ ಕಸುಬು. ಕೇಳಿದ್ದನ್ನೆಲ್ಲ ಹೇಳಬೇಕು, ನನ್ನದೊಂದು ಮಾತೂ ಸೇರಿಸುವಂತಿಲ್ಲ. ನನ್ನಂಥ ಬಾಯಿಬಡುಕಿಗೆ ಇದು ಶಿಕ್ಷೆಯೇ ಸರಿ. ಇಲ್ಲಿ ನನ್ನದೊಂದು ಬಿಟ್ಟು ಉಳಿದ ಹೆಸರುಗಳನ್ನು ಬದಲಿಸಿದ್ದೇನೆ. ನಮ್ಮವರು ನನ್ನನ್ನೂ ನಂಬುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ದೇಶದಲ್ಲಿ ಕಚೇರಿಯವರ ಪಕ್ಕ ಕೂತವನು ಕೇಳಿದ್ದನ್ನು ಇನ್ನೆಲ್ಲಿಗೋ ಮುಟ್ಟಿಸುತ್ತಾನೆ. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ.

ಕುದುಸಾನಳಿಗೆ ಇಲ್ಲಿ ತಂಗಿಯ ಹಾಗಿದ್ದವಳು ರಿಗಾತ್. ಇಬ್ಬರೂ ಒಂದೇ ದೋಣಿಯಲ್ಲಿ ಬಂದವರು. ರಿಗಾತಳ ಮಗಳು ಯೋಹಾನಾಳಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿ ಹೆಸರಿಟ್ಟಾಗ ಮಗುವನ್ನು ಮಡಿಲಲ್ಲಿ ಹಿಡಿದವಳೂ ಕುದುಸಾನಳೇ. ನಮ್ಮಲ್ಲಿ ಜ್ಞಾನತಾಯಿ ಎಂದರೆ ಹೆತ್ತವಳ ನಂತರದ ತಾಯಿ. ರಿಗಾತಳ ಗಂಡ, ಮಗು ಹುಟ್ಟಿದ ಮೇಲೆ ತಾಯಿಯನ್ನು ನೋಡಲು ಸುಡಾನಿಗೆ ಹೋದವನು, ನಮ್ಮ ಸರ್ಕಾರದವರ ಕೈಗೆ ಸಿಕ್ಕಿಬಿದ್ದ, ಸುದ್ದಿಯೇ ಇಲ್ಲ. ತಾಯಿ, ಮಗಳು ಇಬ್ಬರದೇ ಮನೆ.

ಒಂದು ಮಧ್ಯಾಹ್ನ ಮಗುವನ್ನು ಕರೆದೊಯ್ಯಲು ಹೋದ ರಿಗಾತ್ ಶಿಶುವಿಹಾರದ ಬಾಗಿಲಲ್ಲೇ ಕುಸಿದುಬಿದ್ದಳು. ಹೃದಯದ ಕವಾಟ ಕೆಟ್ಟಿದೆ, ಕೂಡಲೇ ಆಪರೇಷನ್ ಆಗಬೇಕು ಎಂದರು ಡಾಕ್ಟರು. ಶಿಶುವಿಹಾರದವರು ಮಕ್ಕಳ ಇಲಾಖೆಗೆ ತಿಳಿಸಿದರು. ಇಲಾಖೆಯ ಇಂಗ್‌ವಿಲ್ ನನ್ನನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಳು.

"ನೀನು ಹುಷಾರಾಗೋವರೆಗೂ ಮಗೂನ ನೋಡ್ಕೊಳ್ಳೋಕೆ ನಿನ್ನವರು ಅಂತ ಯಾರಿದ್ದಾರೆ?" ಎಂದು ಇಂಗ್‌ವಿಲ್ ಕೇಳಿದಳು.

"ಯಾರೂ ಇಲ್ಲ."

ರಿಗಾತ್ ಆ ಮಾತು ಹೇಳುವಾಗ ನೋಡಿದ್ದು ಇಂಗ್‌ವಿಲ್‌ಳನ್ನಲ್ಲ, ನನ್ನನ್ನು. ನಿನ್ನವರು ಯಾರು ಎಂದು ಅಧಿಕಾರಿ ಕೇಳಿದಾಗ ನಮ್ಮ ದೇಶದಲ್ಲಿ ಯಾರ ಹೆಸರು ಹೇಳುತ್ತೀರೋ ಅವರು ಮರುದಿನ ಮನೆಯಲ್ಲಿರುವುದಿಲ್ಲ. ಕುದುಸಾನ್ ಇದ್ದಾಳೆ ಎಂದು ನನಗೆ ಗೊತ್ತು. ಪ್ರತಿ ಭಾನುವಾರ ಆ ಮಗು ಅವಳ ಸೊಂಟದ ಮೇಲಿರುವುದನ್ನು ಚರ್ಚಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಆದರೆ ನನ್ನ ಬಾಯಿಗೆ ಬೀಗ.

"ಯಾರೂ ಇಲ್ಲದಿದ್ರೆ ಬೇರೆ ಮನೇಲಿ ಇಡ್ಬೇಕಾಗುತ್ತೆ. ಒಳ್ಳೆ ಜನ, ಕಣಿವೆಯ ಆಚೆ ಇದ್ದಾರೆ. ಈ ರಾತ್ರಿ ನರ್ಸ್ ಇಲ್ಲೇ ನೋಡ್ಕೊಳ್ತಾರೆ, ನಾಳೆ ಮಧ್ಯಾಹ್ನ ಕಾರು ಬರುತ್ತೆ" ಎಂದಳು ಇಂಗ್‌ವಿಲ್. ಕೆಟ್ಟವಳಲ್ಲ ಅವಳು. ಹೇಳುವಾಗ ಅವಳ ಮುಖವೂ ಸಣ್ಣಗಾಗಿತ್ತು. ರಿಗಾತ್ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದಳು. ಕಾರು ಹತ್ತಿದ ಮಗು ಮತ್ತೆ ಬರುವುದಿಲ್ಲ ಎಂದೇ ಅವಳು ನಂಬಿದ್ದಳು.

ನಾವು ಹೊರಟ ಮೇಲೆ ಅವಳು ಕುದುಸಾನಳಿಗೆ ಫೋನ್ ಮಾಡಿದಳಂತೆ. "ಅಕ್ಕಾ, ಈ ಕಡೆ ತಲೆ ಹಾಕ್ಬೇಡ. ನಿನ್ನ ಹೆಸರು ಹೇಳಿಲ್ಲ. ನನ್ನದಂತೂ ಹೋಯ್ತು, ನಿನ್ನ ಎರಡು ಮಕ್ಕಳಾದ್ರೂ ಉಳೀಲಿ." ಇದನ್ನು ಕುದುಸಾನಳೇ ಆಮೇಲೆ ನನಗೆ ಹೇಳಿದಳು.

ಮರುದಿನ ನಾವು ಮತ್ತೆ ಆಸ್ಪತ್ರೆಯಲ್ಲಿದ್ದೆವು. ಯೋಹಾನಾ ದಪ್ಪ ಚಳಿಬಟ್ಟೆ ತೊಟ್ಟು ಹೊರಗಿನ ಕೋಣೆಯಲ್ಲಿ ನರ್ಸಿನ ಜತೆ ಆಡುತ್ತಿದ್ದಳು. ಬಾಗಿಲು ತೆರೆಯಿತು. ಬಿಳಿ ಶಾಲು ಹೊದ್ದ ಕುದುಸಾನ್ ನಿಂತಿದ್ದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ನಾನು ಈ ಮಗೂನ ಜ್ಞಾನತಾಯಿ. ಮಗು ನನ್ನ ಮನೇಲಿರ್ಲಿ."

ದಾಟಿಸಿದೆ. ಇಂಗ್‌ವಿಲ್ ರಿಗಾತಳ ಕಡೆ ತಿರುಗಿದಳು. "ಇವರು ನಿನಗೆ ಗೊತ್ತಾ?"

ರಿಗಾತ್ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದಳು. "ಗೊತ್ತಿಲ್ಲ. ಯಾರೋ ಏನೋ."

ಅಯ್ಯೋ ದೇವರೇ! ಅದನ್ನೂ ನಾನೇ ದಾಟಿಸಬೇಕಾಯಿತು. ಇಂಗ್‌ವಿಲ್ ಎದ್ದು ಮಗುವಿದ್ದ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ತಾಯಿಗೇ ಗೊತ್ತಿಲ್ಲದ ಹೆಂಗಸು ಮಗು ಕೊಡು ಎಂದರೆ ಯಾರಾದರೂ ಅಷ್ಟನ್ನು ಮಾಡುತ್ತಾರೆ. "ನೀವು ಯಾರು? ಇಲ್ಲಿ ಮಗು ಇದೆ ಅಂತ ನಿಮಗೆ ಯಾರು ಹೇಳಿದ್ರು?" ಎಂದು ಬಿಗಿಯಾಗಿ ಕೇಳಿ, ಕಾವಲಿನವರನ್ನು ಕರೆಯಲು ಫೋನ್ ತೆಗೆದಳು.

ಕುದುಸಾನ್ ಓಡಿಹೋಗುತ್ತಾಳೆ ಎಂದುಕೊಂಡೆ. ಅವಳು ರಿಗಾತಳ ಮಂಚದ ಕಬ್ಬಿಣ ಹಿಡಿದು ನಿಂತಳು.

"ಏನೇ ಹುಚ್ಚಿ! ನನ್ನನ್ನ ಉಳಿಸೋಕೆ ಮಗೂನ ಕಳ್ಕೊಳ್ತೀಯಾ? ಹೇಳೇ ನನ್ನ ಹೆಸರು!"

"ಹೋಗು ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ಇವಳ ಎದುರು ಬೇಡ." ರಿಗಾತ್ ಗಲ್ಲದಿಂದ ನನ್ನನ್ನು ತೋರಿಸಿದಳು.

ಆಗ ಕುದುಸಾನ್ ನನ್ನ ಕಡೆ ತಿರುಗಿದಳು. "ಓ ಮಾತಿನವಳೇ, ಯಾರ ಮಗಳು ನೀನು? ಅವಳ ಹತ್ರ ಹೆಸರು ಕೇಳೋ ಮೊದ್ಲು ನಿನ್ನದನ್ನ ಹೇಳು!"

ಕಸುಬಿನ ನಿಯಮದಂತೆ ನಾನು ಉತ್ತರ ಕೊಡುವಂತಿರಲಿಲ್ಲ. ಇಂಗ್‌ವಿಲ್ ಫೋನ್ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಕಸುಬು ಹೋದರೆ ಹೋಗಲಿ, ಹಾಳಾಗಿ ಹೋಗಲಿ ಎನ್ನಿಸಿತು.

"ಅದಿ ಕೇಹ್ ಊರಿನ ವೊಲ್ದುವಿನ ಮಗಳು ನಾನು" ಎಂದೆ. "ಪಕ್ಕದ ಮನೆಯವನು ಸರ್ಕಾರದವರಿಗೆ ನಮ್ಮಪ್ಪನ ಹೆಸರು ಹೇಳಿದ. ಬೆಳಿಗ್ಗೆ ಬಂದು ಕರ್ಕೊಂಡು ಹೋದ್ರು. ಹೆಣಾನೂ ಕೊಡ್ಲಿಲ್ಲ. ನಾನು ಹೆಸರು ಹೊತ್ಕೊಂಡು ಹೋಗಿ ಅವರಿಗೆ ಕೊಡ್ತೀನೇನೇ?"

ನಾವು ಮೂವರೂ ಆಡಿದ್ದನ್ನೆಲ್ಲ ಇಂಗ್‌ವಿಲ್‌ಗೂ ಅವಳ ಭಾಷೆಯಲ್ಲಿ ಹೇಳಿದೆ, ನನ್ನದನ್ನು ನನ್ನ ಮಾತು ಎಂದೇ ಹೇಳಿದೆ. ಅವಳು ಫೋನ್ ಕೆಳಗಿಟ್ಟಳು.

ರಿಗಾತ್ ಕಣ್ಣು ಮುಚ್ಚಿಕೊಂಡು ಹೇಳಿದಳು. ಕುದುಸಾನ್. ಅವಳ ಅಪ್ಪನ ಹೆಸರು. ಅಜ್ಜನ ಹೆಸರು. ಹುಟ್ಟಿದ ಹಳ್ಳಿ. ಈಗಿನ ಮನೆಯ ವಿಳಾಸ. ಒಂದೊಂದು ಹೆಸರಿಗೂ ಕುದುಸಾನಳ ಭುಜ ಕುಗ್ಗುತ್ತಿತ್ತು.

"ನನ್ನ ಅಕ್ಕ" ಎಂದಳು ಕೊನೆಗೆ. ಬಿಕ್ಕಿ ಬಿಕ್ಕಿ ಅತ್ತಳು. "ಅಕ್ಕಾ, ನಿನ್ನನ್ನ ಹಿಡ್ಕೊಟ್ಟುಬಿಟ್ಟೆನಲ್ಲೇ, ಕ್ಷಮಿಸು."

"ಹಿಡ್ಕೊಟ್ಟರೆ ಕೊಟ್ಟೆ ಬಿಡು. ನೀನು ಎದ್ದು ಬಾ ಸಾಕು" ಎಂದು ಕುದುಸಾನ್ ಅವಳ ಹಣೆಗೆ ಹಣೆ ಒತ್ತಿದಳು.

ಇಂಗ್‌ವಿಲ್ ಹೊರಗೆ ಹೋಗಿ ತನ್ನ ಮೇಲಿನವರ ಜತೆ ಮಾತಾಡಿ ಬಂದಳು. ಕಾರು ಬೇಡ ಎಂದಾಯಿತು. "ಸಂಜೆ ನಾನೇ ಮನೆಗೆ ಬರ್ತೀನಿ. ಮನೆ ನೋಡ್ಬೇಕು, ನಿಮ್ಮ ಮಕ್ಕಳ ಹತ್ರಾನೂ ಮಾತಾಡ್ಬೇಕು. ಆಗಬಹುದಾ?"

ಗುಡ್ಡ ಸುತ್ತಿ ಯಾರಿಂದ ತಪ್ಪಿಸಿಕೊಂಡು ತಿರುಗಿದ್ದಳೋ ಅವರನ್ನೇ ಮನೆಗೆ ಕರೆಯಬೇಕಾಗಿತ್ತು. ಕುದುಸಾನ್ "ಬನ್ನಿ" ಎಂದಳು.

ಯೋಹಾನಾ ಓಡಿಬಂದು ಅಮ್ಮನ ಕೆನ್ನೆಗೆ ಮುತ್ತಿಟ್ಟು, ಜ್ಞಾನತಾಯಿಯ ಬೆರಳು ಹಿಡಿದಳು. ಬಾಗಿಲಲ್ಲಿ ನಿಂತು ಕುದುಸಾನ್ ನನ್ನನ್ನು ಕೇಳಿದಳು, "ನಿಜವಾಗ್ಲೂ ಕರ್ಕೊಂಡು ಹೋಗ್ಬಹುದಾ? ಸರಿಯಾಗಿ ಕೇಳು."

ಕೇಳಿದೆ. "ಹೂಂ, ಹೋಗಿ" ಎಂದು ಇಂಗ್‌ವಿಲ್ ನಕ್ಕು ಕೈಯಾಡಿಸಿದಳು.

ಕಿಟಕಿಯಿಂದ ನಾನೂ ಇಂಗ್‌ವಿಲ್‌ಳೂ ನೋಡಿದೆವು. ಆಸ್ಪತ್ರೆಯ ಅಂಗಳದಲ್ಲಿ ಹಿಮ ಬಿದ್ದಿತ್ತು. ಕುದುಸಾನ್ ನಾಲ್ಕು ಹೆಜ್ಜೆ ನೆಟ್ಟಗೆ ನಡೆದಳು, ಒಮ್ಮೆ ತಿರುಗಿ ನೋಡಿದಳು. ಆಮೇಲೆ ಮಗುವನ್ನು ಎತ್ತಿ ಎದೆಗವಚಿಕೊಂಡು, ಬೆನ್ನಟ್ಟಿ ಬರುತ್ತಿದ್ದಾರೇನೋ ಎಂಬಂತೆ, ಬಿದ್ದಂಬೀಳ ಓಡಿದಳು.