ಖಾಸಿಂ ಕಟ್ಟಿದ ವೈರು

ಕೊಟ್ಟೂರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಖಾಸಿಂನಿಗೆ ‘ಉಲ್ಟಾ’ ಎಂಬ ಹೆಸರು ಹಚ್ಚಿದವನು ನಾನು. ಅವನ ಗೆಳೆಯ, ಕೊಟ್ರೇಶಿ. ನನ್ನ ತಪ್ಪನ್ನು ಅವನ ತಲೆಗೆ ಕಟ್ಟಲು ಹಚ್ಚಿದ್ದು. ಆ ಮಾತು ಆಡುವಾಗ ಅದು ಬರೀ ಊಹೆ. ಮರುದಿನ ಬೆಳಿಗ್ಗೆ ಸುಳ್ಳೆಂದು ಗೊತ್ತಾಯಿತು. ಆಮೇಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಆಗ ನಾನು ಬಸ್‌ಸ್ಟ್ಯಾಂಡಿನ ಹಿಂದೆ ಟೈಪಿಂಗ್, ಕಂಪ್ಯೂಟರ್ ಕಲಿಸುತ್ತಿದ್ದೆ. ನಮ್ಮ ಕಡೆ ಇಂಟರ್ನೆಟ್ ಇನ್ನೂ ಕಾಲಿಟ್ಟಿರಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಊರ ಸುದ್ದಿ — ಶೇಂಗಾ ಧಾರಣೆ, ಹರಪನಹಳ್ಳಿ ಬಸ್ಸಿನ ವೇಳೆ, ಯಾರಿಗೋ ರಕ್ತ ಬೇಕಾಗಿದೆ ಎಂಬ ಸೂಚನೆ — ಬರೆದಿಟ್ಟರೆ, ಬೇರೆ ಊರಿನವರು ತಮ್ಮ ಕಂಪ್ಯೂಟರಿನಿಂದ ಫೋನ್ ಹಚ್ಚಿ ಅದನ್ನು ಓದಬಹುದು, ತಾವೂ ಒಂದು ಮಾತು ಬರೆದು ಹೋಗಬಹುದು. ಬುಲೆಟಿನ್ ಬೋರ್ಡ್ ಎನ್ನುತ್ತಿದ್ದರು. ನಾನು ನನ್ನದಕ್ಕೆ ‘ಊರ ಹಲಗೆ’ ಎಂದು ಹೆಸರಿಟ್ಟೆ. ಹೆಸರಿಡುವ ಚಟ ನನಗೆ ಆಗಲೇ ಇತ್ತು, ನೋಡಿ.

ಫೋನಿಗೆ ಹಚ್ಚುವ ಮೊದಲು ಒಂದೇ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟು, ನಡುವೆ ಸೀರಿಯಲ್ ವೈರು ಜೋಡಿಸಿ ಊರವರಿಗೆ ತೋರಿಸಬೇಕೆಂದುಕೊಂಡೆ. ಈ ವೈರಿನಲ್ಲಿ ಒಂದು ಸೂಕ್ಷ್ಮವಿದೆ. ಒಂದು ಯಂತ್ರ ಮಾತಾಡುವ ತಂತಿ ಇನ್ನೊಂದು ಯಂತ್ರ ಕೇಳಿಸಿಕೊಳ್ಳುವ ತಂತಿಗೆ ಹೋಗಬೇಕು. ಅದಕ್ಕಾಗಿ ಎರಡು ತಂತಿಗಳನ್ನು ಬೇಕೆಂದೇ ಅದಲುಬದಲು ಮಾಡಿ ಕಟ್ಟಬೇಕು. ಇಲ್ಲದಿದ್ದರೆ ಎರಡೂ ಮಾತಾಡುತ್ತವೆ, ಯಾವುದಕ್ಕೂ ಏನೂ ಕೇಳಿಸುವುದಿಲ್ಲ. ನಾನು ಹೇಳಿದಂತೆಯೇ ಖಾಸಿಂ ಬೆಸುಗೆ ಹಾಕಿ ಕಟ್ಟಿಕೊಟ್ಟ. ತಂತಿ ಒಂದಕ್ಕೊಂದು ತಾಗಬಾರದೆಂದು ಪ್ರತಿ ಬೆಸುಗೆಯ ಮೇಲೂ ಸೈಕಲ್ಲಿನ ವಾಲ್‌ಟ್ಯೂಬ್ ಎಂಬ ಸಣ್ಣ ರಬ್ಬರ್ ಕೊಳವೆಯ ಚೂರು ಏರಿಸಿದ್ದ. ಊರಿನಲ್ಲಿ ಹಾಗೆ ಮಾಡುತ್ತಿದ್ದವನು ಅವನೊಬ್ಬನೇ.

ನೋಡಲು ಮಂಡಿ ವರ್ತಕರು ಬಂದರು. ನನಗೆ ಹೆಣ್ಣು ಕೊಡಲು ಮನಸ್ಸು ಮಾಡಿದ್ದ ತಂಬ್ರಹಳ್ಳಿಯವರೂ ಬಂದರು. ಮಂಡಕ್ಕಿ ಮಿರ್ಚಿ ತರಿಸಿದ್ದೆ. ಈ ಕಡೆ ಅಕ್ಷರ ಒತ್ತಿದೆ — ಆ ಕಡೆಯ ಪರದೆ ಕಪ್ಪಗೇ ಇತ್ತು. ಆರಿಸಿ ಮತ್ತೆ ಹಚ್ಚಿದೆ. ಏನೂ ಇಲ್ಲ. ವರ್ತಕರೊಬ್ಬರು ಮಿರ್ಚಿ ಕಡಿಯುತ್ತ, ‘ಏನಲೇ ಕೊಟ್ರೇಶಿ, ನಿನ್ನ ಹಲಗಿ ಮೂಗಾಗೇತಲ್ಲೋ?’ ಎಂದರು. ಖಾಸಿಂ ಬಾಗಿಲ ಹತ್ತಿರ ನಿಂತಿದ್ದ. ಅವನತ್ತ ಕೈ ಮಾಡಿ ನಾನು ಆಡಿದ ಮಾತು ಇದು:

‘ನಮ್ಮ ಖಾಸಿಂ ಉರ್ದು ಸಾಲಿ ಓದಿದಾಂವ ನೋಡ್ರಿ, ಬಲಗಡಿಯಿಂದ ಪಿನ್ನು ಎಣಿಸಿ ಕಟ್ಯಾನ. ಎಲ್ಲಾ ಉಲ್ಟಾ!’

ಕೋಣೆಗೆ ಕೋಣೆಯೇ ನಕ್ಕಿತು. ಆ ನಗುವಿನಲ್ಲಿ ನಾನು ಪಾರಾದೆ — ಅಬ್ಬಾ, ಎಷ್ಟು ಸಲೀಸಾಗಿ ಪಾರಾದೆ! ಖಾಸಿಂ, ‘ಉರ್ದೂದಾಗೂ ಅಂಕಿ ಎಡಗಡಿಯಿಂದಾನ ಬರೀತೀವಿ, ಕೊಟ್ರ್ಯಾ’ ಎಂದ. ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಕಂಪ್ಯೂಟರಿನ ಹಿಂಭಾಗ ನೋಡಿದರೆ ನಾನೇ ಹಿಂದೆಂದೋ ಸಿಕ್ಕಿಸಿ ಮರೆತಿದ್ದ ಬೆರಳುದ್ದದ ಅಡಾಪ್ಟರ್ ತುಂಡೊಂದು ವೈರು ಸಿಕ್ಕಿಸುವ ಕಡೆಯೇ ಇತ್ತು. ಅದರ ಕೆಲಸವೂ ಅದೇ — ಆ ಎರಡು ತಂತಿಗಳನ್ನು ಅದಲುಬದಲು ಮಾಡುವುದು. ಖಾಸಿಂ ಸರಿಯಾಗಿ ಬದಲಿಸಿದ್ದನ್ನು ನನ್ನ ಈ ತುಂಡು ಮತ್ತೊಮ್ಮೆ ಬದಲಿಸಿ ಕೆಡಿಸಿತ್ತು. ಅದನ್ನು ಕಿತ್ತೆ. ಪರದೆಯ ಮೇಲೆ ಅಕ್ಷರ ಸರಸರನೆ ಬಂದವು. ತುಂಡನ್ನು ಮೇಜಿನ ಡ್ರಾದೊಳಗೆ ಹಾಕಿದೆ. ಹೇಗೆ ಸರಿಹೋಯಿತು ಎಂದು ಕೇಳಿದವರಿಗೆಲ್ಲ, ಖಾಸಿಂ ಕಟ್ಟಿದ್ದನ್ನು ಬಿಚ್ಚಿ ನಾನೇ ಹೊಸದಾಗಿ ಕಟ್ಟಿದೆ ಎಂದೆ. ಮೊದಲನೆಯ ಮಾತಿಗಿಂತ ನನ್ನನ್ನು ಹೆಚ್ಚು ಸುಡುವುದು ಈ ಎರಡನೆಯದು.

ಊರ ಹಲಗೆ ಕೆಲವು ವರ್ಷ ನಡೆದು ನಿಂತಿತು. ಉಲ್ಟಾ ನಿಲ್ಲಲಿಲ್ಲ. ಟೀವಿ ರಿಪೇರಿಗೆ ತರುವವರು ‘ಬಲಗಡಿಯಿಂದ ಬಿಚ್ಚಬ್ಯಾಡಪಾ’ ಎಂದು ನಗುತ್ತಿದ್ದರು. ಆಮೇಲೆ ತರುವುದನ್ನೇ ಬಿಟ್ಟು ಬೇರೆ ಅಂಗಡಿಗೆ ಹೋದರು. ರೈತರು ಪಂಪಿನ ಸ್ಟಾರ್ಟರ್ ಕೊಡುವುದನ್ನೂ ನಿಲ್ಲಿಸಿದರು. ಕರೆಂಟಿನ ಕೆಲಸವನ್ನು ಉಲ್ಟಾ ಮಾಡುವವನ ಕೈಗೆ ಯಾರು ಕೊಟ್ಟಾರು? ಅವನಿಗೆ ಉಳಿದದ್ದು ಟೇಪ್‌ರೆಕಾರ್ಡರ್, ಟಾರ್ಚು. ನಾನು ದಿನಾ ಆ ಅಂಗಡಿಯ ಮುಂದೆಯೇ ಓಡಾಡಿದೆ, ಹಬ್ಬಕ್ಕೆ ಅವನ ಮನೆಯಲ್ಲಿ ಸುರಕುಂಬಾ ಪಾಯಸ ಕುಡಿದೆ. ಹೇಳಬೇಕು ಎಂದುಕೊಂಡು... ಹೇಳದೆ ಎದ್ದು ಬಂದೆ.

ನಮ್ಮ ಕಡೆ ಅಡ್ಡಹೆಸರು ಒಬ್ಬನ ಮೇಲೆ ನಿಲ್ಲುವುದಿಲ್ಲ, ಮನೆತನಕ್ಕೇ ಅಂಟುತ್ತದೆ. ಈಗ ನನ್ನದು ಫ್ಲೆಕ್ಸ್ ಮಾಡುವ ಅಂಗಡಿ. ಕಳೆದ ತಿಂಗಳು ಖಾಸಿಂನ ಮಗಳು ಶಾಹೀನಾ ಬಂದಳು. ಅಪ್ಪನ ಅಂಗಡಿಯಲ್ಲಿ ಅವಳೇ ಮೊಬೈಲ್ ರಿಪೇರಿ ಮಾಡುತ್ತಾಳೆ. ‘ಕಾಕಾ, ಹೊಸಾ ಬೋರ್ಡ್ ಬೇಕ್ರಿ. ಉಲ್ಟಾ ಮೊಬೈಲ್ಸ್ ಅಂತ ದೊಡ್ಡದಾಗಿ ಹಾಕ್ರಿ’ ಎಂದಳು. ಅವಳ ಮುಖದಲ್ಲಿ ಯಾವ ಸಂಕೋಚವೂ ಇರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಹೆಸರು.

ಅವಳು ಬಂದಾಗ ನಾನು ಅದೇ ಹಳೆಯ ಕಂಪ್ಯೂಟರುಗಳನ್ನು ಹರಡಿಕೊಂಡು ಕೂತಿದ್ದೆ. ಕಾಲೇಜಿನವರು ವಸ್ತುಪ್ರದರ್ಶನಕ್ಕೆ ಊರ ಹಲಗೆಯನ್ನು ಮತ್ತೆ ನಡೆಸಿ ತೋರಿಸಿ ಎಂದಿದ್ದರು. ಅದೇ ವೈರು, ಅದೇ ಕಪ್ಪು ಪರದೆ. ಎರಡೂ ಕಡೆ ಅಕ್ಷರ ಕಳಿಸುವ ವೇಗ ಹೊಂದಿಸಿ ನೋಡಿದ್ದೆ, ಪ್ರಯೋಜನವಾಗಿರಲಿಲ್ಲ. ‘ತಡೀರಿ ಕಾಕಾ, ಮೊದ್ಲು ವೈರ್ ನೋಡೂಣು’ ಎಂದು ಶಾಹೀನಾ ತುದಿಯ ಮುಚ್ಚಳ ಬಿಚ್ಚಿದಳು. ನಾನು ತಡೆಯಬಹುದಿತ್ತು. ತಡೆಯಲಿಲ್ಲ.

ಒಳಗೆ ವಾಲ್‌ಟ್ಯೂಬಿನ ಚೂರುಗಳು ಒಣಗಿ ಬಿರಿದು ಕೂತಿದ್ದವು.

‘ಇದು ಅಬ್ಬಾ ಕಟ್ಟಿದ್ದು’ ಎಂದಳು. ಇನ್ನೊಂದು ತುದಿಯನ್ನೂ ಬಿಚ್ಚಿ, ಮೀಟರ್ ಹಚ್ಚಿ ತಂತಿ ತಂತಿ ನೋಡಿದಳು. ‘ಸರಿ ಐತ್ರಿ. ಪಿನ್ನಿಗೆ ಕಿಲುಬು ಹಿಡದೈತಿ, ಅಷ್ಟ.’ ಆಮೇಲೆ ನನ್ನ ಕಡೆ ತಿರುಗಿದಳು. ‘ಕಾಕಾ, ಇದನ್ನ ಬಿಚ್ಚಿ ನೀವ ಕಟ್ಟೀರಿ ಅಂತಾರಲ್ರಿ ಊರಾಗ?’

ನಾನು ‘ಇಲ್ಲವ್ವಾ, ಬಿಚ್ಚಿಲ್ಲ’ ಎಂದೆ. ಪಿನ್ನುಗಳನ್ನು ಉಜ್ಜಿ ಸಿಕ್ಕಿಸಿದಳು. ಹಲಗೆ ಮಾತಾಡಿತು. ಬೋರ್ಡಿನ ವಿಷಯ ಮತ್ತೆ ಎತ್ತದೆ ಎದ್ದು ಹೋದಳು.

ಸಂಜೆ ಖಾಸಿಂನ ಮನೆಗೆ ಹೋಗಿ, ಡ್ರಾದಲ್ಲಿದ್ದ ಆ ತುಂಡನ್ನು ಅವನ ಕೈಯಲ್ಲಿಟ್ಟು ಎಲ್ಲ ಹೇಳಿದೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಟ್ಟ.

‘ನನಗ್ಯಾಕ ಹೇಳ್ತೀಲೇ ಕೊಟ್ರ್ಯಾ? ನಾ ಕಟ್ಟಿದ ವೈರು ಹೆಂಗಿತ್ತಂತ ನನಗ ಗೊತ್ತಿರಲಿಲ್ಲೇನು? ಗೊತ್ತಿಲ್ಲದವರಿಗೆ ಹೇಳು.’

ಚಹಾ ಕುಡಿ ಅನ್ನಲಿಲ್ಲ. ಇಷ್ಟು ವರ್ಷದಲ್ಲಿ ಅನ್ನದೇ ಇದ್ದದ್ದು ಅದೊಂದೇ ದಿನ. ಹೊರಡುವಾಗ, ಬೋರ್ಡಿಗೆ ಏನೆಂದು ಬರೆಯಲಿ ಎಂದು ಕೇಳಿದೆ. ‘ಉಲ್ಟಾ ಅಂತಾನ ಬರಿ. ಈಗ ಬ್ಯಾರೆ ಹೆಸರು ಹಾಕಿದ್ರ ಗಿರಾಕಿಗೆ ಗುರ್ತು ಹತ್ತಬೇಕಲ್ಲ’ ಎಂದ. ಬರೆದೆ. ಕೆಂಪು ಅಕ್ಷರ, ಹಳದಿ ನೆಲ. ನಾನೇ ಏಣಿ ಹಿಡಿದು ನಿಂತು ಕಟ್ಟಿಸಿದೆ. ಅದು ಇಳಿಯುವುದಿಲ್ಲ, ನನಗೆ ಗೊತ್ತು.

ಪ್ರದರ್ಶನದ ದಿನ ಮಂಡಿ ವರ್ತಕರಲ್ಲಿ ಬದುಕುಳಿದವರನ್ನು ನಾನೇ ಹೋಗಿ ಕರೆತಂದೆ. ಅವರನ್ನು ಆ ಕಡೆಯ ಪರದೆಯ ಮುಂದೆ ಕೂರಿಸಿದೆ. ಖಾಸಿಂನನ್ನೂ ಕರೆದಿದ್ದೆ, ಬಂದಿದ್ದ, ಬಾಗಿಲ ಹತ್ತಿರವೇ ನಿಂತಿದ್ದ. ಊರ ಹಲಗೆಯ ಮೇಲೆ, ಆ ಯಂತ್ರಕ್ಕೆ ತಿಳಿಯುವ ಇಂಗ್ಲಿಷ್ ಅಕ್ಷರಗಳಲ್ಲಿ, ಕನ್ನಡದ ನಾಲ್ಕು ಮಾತು ಬರೆದೆ: ‘ಈ ವೈರು ಕಟ್ಟಿದವನು ಖಾಸಿಂ. ಅವತ್ತೂ ಸರಿಯಾಗಿಯೇ ಇತ್ತು. ಯಾರೂ ಬಿಚ್ಚಿ ಕಟ್ಟಿಲ್ಲ. ಸುಳ್ಳು ಹೇಳಿದವನು ನಾನು, ಕೊಟ್ರೇಶಿ.’

ಕಳಿಸುವ ಕೀಲಿ ಒತ್ತಿದೆ. ಅವನ ವೈರಿನಲ್ಲಿ ಹಾದು ಮಾತುಗಳು ಆ ಕಡೆ ಬಂದವು, ಒಂದಕ್ಷರವೂ ತಪ್ಪದೆ.