ಇನ್ನೊಂದು ಸುತ್ತು

ಭಾನುವಾರ, ಸಂಜೆ ಆರು ಗಂಟೆ, ಹರಿಹರ. ಕೋಣೆಯಲ್ಲಿ ಇದ್ದವರು ಇಬ್ಬರೇ — ನಾನು, ನನ್ನ ಗೆಳತಿ ಶಾಂತಾ. ಅವಳ ಸೊಸೆ ಹಾಲು ತರಲು ಹೋಗಿದ್ದಳು. ಕೊರೊನಾ ಕಾಲದ ನನ್ನ ಸುಳ್ಳನ್ನು ಆಗ ಒಪ್ಪಿಕೊಂಡುಬಿಟ್ಟೆ: ಜ್ವರ ಬಂದ ಮೇಲಿನ ಬೆಳಗುಗಳಲ್ಲಿ ನಾನು ನಡೆಯುತ್ತಲೇ ಇರಲಿಲ್ಲ.

ದಾವಣಗೆರೆಯ ಹುಡುಗಿಯರ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದವಳು ನಾನು. ಗಂಟೆ ಹೊಡೆದಂತೆ ಬದುಕಿದವಳು. ಭಾನುವಾರ ಶಾಂತಾ ಹರಿಹರದಿಂದ ಬಸ್ಸು ಹತ್ತಿ ಬರುತ್ತಿದ್ದಳು, ಮಂಡಿಪೇಟೆಯ ತನಕ ಜೊತೆಯಲ್ಲಿ ನಡೆಯುತ್ತಿದ್ದೆವು. ಲಾಕ್‌ಡೌನ್‌ನಲ್ಲಿ ಬಸ್ಸು ನಿಂತಾಗ ನಾನೇ ನಿಯಮ ಮಾಡಿದೆ — ದಿನಾ ಬೆಳಿಗ್ಗೆ ಅವರವರ ತಾರಸಿಯ ಮೇಲೆ, ಫೋನ್ ಕಿವಿಗಿಟ್ಟುಕೊಂಡು, ಇಬ್ಬರೂ ನಡೆಯಬೇಕು. ಅವಳ ಕೈಯಲ್ಲಿದ್ದದ್ದು ಸೊಸೆಯ ಫೋನ್. ನಡಿಗೆ ಮುಗಿದೊಡನೆ ಮೊಮ್ಮಗಳ ಆನ್‌ಲೈನ್ ಕ್ಲಾಸಿಗೆ ಕೊಡಬೇಕಿತ್ತು.

ಆಮೇಲೆ ನನಗೆ ಜ್ವರ ಬಂತು. ಜ್ವರ ಬಿಟ್ಟರೂ ಕಾಲಿಗೆ ಕಸುವು ಬರಲಿಲ್ಲ. ನಡೆಯಲಾಗುತ್ತಿಲ್ಲ ಎಂದು ಹೇಳಿದ್ದರೆ, "ಮಲಕ್ಕೋ" ಎಂದು ಫೋನ್ ಇಟ್ಟುಬಿಡುತ್ತಿದ್ದಳು. ಆ ದನಿಯಿಲ್ಲದ ಬೆಳಗು... ಮಂಚದ ಅಂಚಿನಲ್ಲಿ ಕೂತು, ಚಪ್ಪಲಿ ಕೈಯಲ್ಲಿ ಹಿಡಿದು ನೆಲಕ್ಕೆ ಬಡಿಯುತ್ತಾ, ಅವಳು ತಾರಸಿಯಿಂದ ಕಂಡು ಹೇಳುವ ಹೊಳೆಯನ್ನು ಕೇಳುತ್ತಿದ್ದೆ — ಮಂಜು, ಸೇತುವೆ, ಮೀನಿಗೆ ಕಾದು ನಿಂತ ಕೊಕ್ಕರೆ.

ಒಂದು ದಿನ ಅವಳು, "ಮೊಣಕಾಲು ಹಿಡ್ಕಂಡೈತೆ ಕಣೇ ಸರೋಜಾ, ಇವತ್ತಿಗೆ ಸಾಕು" ಎಂದಳು.

"ಇನ್ನೊಂದು ಸುತ್ತು" ಎಂದೆ.

"ಆತು ವಾರ್ಡನ್ ಮೇಡಂ! ಜ್ವರದಾಗಿಂದ ಎದ್ದಾಕಿ ನೀನೇ ನಡೀತಿ, ನನಗೇನು ದಾಡಿ?"

ಅವಳ ಆರೋಗ್ಯಕ್ಕೆಂದು ಹೇಳಿದೆನೆ? ಇಲ್ಲ. ಇನ್ನಷ್ಟು ಹೊತ್ತು ಅವಳ ಮಾತು ಬೇಕಿತ್ತು, ಅಷ್ಟೇ. ಆ ಸುತ್ತಿನಲ್ಲೇ ಕಾಲು ತಿರುಚಿ ಬಿದ್ದಳು.

ಈಗ ವಾಕರ್ ಹಿಡಿದು ಬಚ್ಚಲಿಗೆ ಹೋಗಿಬರುತ್ತಾಳೆ. ಬಸ್ಸು ಹತ್ತಲಾರಳು, ತಾರಸಿಯ ಮೆಟ್ಟಿಲನ್ನೂ. ಆದರೂ ಬಂದವರಿಗೆಲ್ಲ, "ಸರೋಜಾ ಇರದಿದ್ರೆ ಕೊರೊನಾದಾಗ ನಾ ಮೂಲೆ ಹಿಡೀತಿದ್ದೆ" ಎನ್ನುತ್ತಾಳೆ. ಅದನ್ನು ಕೇಳಿಸಿಕೊಂಡೇ ಇಷ್ಟು ವರ್ಷ ಅವಳ ಮನೆಯ ಚಹಾ ಕುಡಿದೆ. ಭಾನುವಾರ ನಮ್ಮ ಬೀದಿಯಲ್ಲಿ ಅವಳಂತೆ ನಡೆಯುವವರು ಯಾರಾದರೂ ಕಂಡರೆ, ಈಗಲೂ ಅವಳೇ ಬಂದಳೆಂದು —

"ಮತ್ತೆ ಚಪ್ಪಲಿ ಸಪ್ಪಳ ಕೇಳ್ತಿತ್ತಲ್ಲ?" ನನ್ನ ಮಾತು ಮುಗಿದೊಡನೆ ಕೇಳಿದಳು ಶಾಂತಾ.

ಬಾಗಿಲ ಬಳಿಯಿಂದ ಚಪ್ಪಲಿ ತಂದು, ಬಡಿದು ತೋರಿಸಿದೆ.

ಅವಳು ಗೋಡೆಯ ಕಡೆ ತಿರುಗಿದಳು. ನನ್ನನ್ನು ನೋಡದೆ, "ಹೊಳೆ ಹೆಂಗೈತೆ, ನೋಡ್ಕಂಡು ಬಾ" ಎಂದಳು.

ತಾರಸಿ ಹತ್ತಿದೆ. ನಿಂತಲ್ಲಿಂದಲೇ ಹೊಳೆ ಕಾಣುತ್ತಿತ್ತು; ಆದರೂ ಪೂರ್ತಿ ಒಂದು ಸುತ್ತು ನಡೆದೆ. ಇಳಿದು ಬಂದು, ಕಂಡಷ್ಟನ್ನೂ, ಏನನ್ನೂ ಸೇರಿಸದೆ, ಹೇಳಿ ಮುಗಿಸಿದೆ.