ಹಸಿ ಕೌದಿ ಮತ್ತು ದುಬಲಗುಂಡಿಯ ಎಕ್ಸ್‌ರೇ

ಹುಮನಾಬಾದಿನ ನಮ್ಮ ಓಣಿಯಲ್ಲಿ ನಮ್ಮ ಮನೆಯೇ ಎತ್ತರ. ಆ ಒಂದೇ ಕಾರಣಕ್ಕೆ ಪಕ್ಕದ ದವಾಖಾನೆಯ ಡಾಕ್ಟರರು ನನ್ನನ್ನು ಕೇಳಿ, ನಮ್ಮ ಮಾಳಿಗೆಯ ಮೇಲೆ ಕಂಬ ನಿಲ್ಲಿಸಿ ಬಿಳಿ ತಟ್ಟೆಯೊಂದನ್ನು ಕೂಡಿಸಿದರು. ಅಂಥದ್ದೇ ಇನ್ನೊಂದು ತಟ್ಟೆ ದುಬಲಗುಂಡಿಯ ಅವರ ಸಣ್ಣ ದವಾಖಾನೆಯ ಮೇಲಿದೆ. ಅಲ್ಲಿ ತೆಗೆದ ಎಕ್ಸ್‌ರೇ ಮೈಕ್ರೋವೇವ್ ಅಲೆಗಳ ಮೇಲೇರಿ ಇಲ್ಲಿನ ಕಂಪ್ಯೂಟರಿಗೆ ಬರುತ್ತದೆ.

ಇದನ್ನು ಜೋಡಿಸಿದವಳು ಬಸವಕಲ್ಯಾಣದ ಒಬ್ಬ ತರುಣಿ. ಸ್ವಂತ ಧಂದೆ ಆರಂಭಿಸಿದ ಮೇಲೆ ಆಕೆಗೆ ಸಿಕ್ಕ ಮೊದಲ ಕೆಲಸವಿದು. 'ಎರಡೂ ತಟ್ಟಿ ಒಂದಕ್ಕೊಂದು ಕಾಣಬೇಕ್ರಿ ಮುತ್ಯಾ, ನಡುವ ಏನೂ ಅಡ್ಡ ಬರಬಾರದು' ಎಂದಳು. ನಾನು ನಂಬಲಿಲ್ಲ. ಹೇಳಿದ್ದನ್ನೆಲ್ಲ ನಂಬುವ ರೂಢಿ ನನಗಿಲ್ಲ. ಶಾಲೆಯನ್ನು ಬೇಗ ಬಿಟ್ಟವನಿಗೆ ಅದೊಂದು ಲಾಭ. ಚಿಕ್ಕಂದಿನಲ್ಲಿ ತಂದೆಗೆ ಕೇಳಿಸದಂತೆ ಕೌದಿಯೊಳಗೆ ಹುದುಗಿ ರೇಡಿಯೊ ಕೇಳಿದವನು ನಾನು. ಅಲೆಗಳನ್ನು ಕೌದಿ ತಡೆಯದೆಂಬುದು ನನ್ನ ಮಟ್ಟಿಗೆ ಅಂದೇ ಸಿದ್ಧವಾಗಿತ್ತು.

ಮಹಾನವಮಿ ಹತ್ತಿರ ಬಂತು. ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಗಳೆಲ್ಲ ಒಗೆದಾಗಬೇಕು. ನನ್ನ ಹೆಂಡತಿ ದಿನಕ್ಕೆರಡು ಕೌದಿ ಒಗೆದಳು. ಒಣಹಾಕಲು ಹಗ್ಗ ಕಟ್ಟಿಕೊಟ್ಟವನು ನಾನು, ತಟ್ಟೆಯ ಎದುರಿಗೇ, ಬಿಸಿಲು ಚೆನ್ನಾಗಿ ಬೀಳುವಲ್ಲಿ. ಮೂರು ದಿನ ಮುಂಜಾನೆ ದುಬಲಗುಂಡಿಯಿಂದ ಏನೂ ಬರಲಿಲ್ಲ. ಸಂಜೆಗೆ ತಾನಾಗಿಯೇ ಬಂತು. ಇನ್ನೊಂದು ದಿನ ಹೀಗಾದರೆ ಕೆಲಸ ಬೇರೆಯವರಿಗೆ ಕೊಡುವುದಾಗಿ ಡಾಕ್ಟರರು ಆ ತರುಣಿಗೆ ಹೇಳಿಬಿಟ್ಟರು.

ನಾಲ್ಕನೆಯ ಮುಂಜಾನೆ ಆಕೆ ಮಾಳಿಗೆ ಹತ್ತಿ, ಹಗ್ಗವನ್ನೇ ನೋಡುತ್ತ ನಿಂತಳು.

'ಇದು ಯಾರು ಕಟ್ಟ್ಯಾರ್ರಿ ಮುತ್ಯಾ?'

'ನಾನೇ. ಅರಿವಿ ಅಲೆಗಳನ್ನ ತಡೀತದಂತ ಯಾರು ಹೇಳ್ಯಾರ ನಿನಗ?'

'ಅರಿವಿ ಅಲ್ರಿ, ಅದರಾಗಿನ ನೀರು.'

'ತೋರಸು.'

ಸಿಗ್ನಲ್ಲಿನ ಅಂಕಿ ಕಾಣುವ ಫೋನನ್ನು ನನ್ನ ಕೈಗಿಟ್ಟು ಕೌದಿ ಸರಿಸಿದಳು; ಸಂಪರ್ಕ ಬಂತು. ಮತ್ತೆ ಎಳೆದಳು, ಹೋಯಿತು. ಒಣ ಕೌದಿಯೊಂದನ್ನು ತರಿಸಿ ಹಿಡಿಸಿದೆ. ಅಂಕಿ ಅಷ್ಟೇನೂ ಇಳಿಯಲಿಲ್ಲ. ಏಳು ಸಲ ಪರೀಕ್ಷೆ ನಡೆಯಿತು. ಎಂಟನೆಯದಕ್ಕೆ ನಾನು ಕಂಬಳಿ ಕೇಳಿದಾಗ ಹೆಂಡತಿ ಮೆಟ್ಟಿಲ ಮೇಲಿನಿಂದಲೇ ಹೇಳಿದಳು: 'ಸಣ್ಣಾವರಿದ್ದಾಗ ಹಸೀ ಕೌದಿ ಹೊತ್ಕೊಂಡಿದ್ರ ಅವತ್ತೇ ತಿಳೀತಿತ್ತು ನಿಮಗ. ಸಾಕು ಮಾಡ್ರಿ, ಆಕಿ ಅನ್ನಕ್ಕ ಕಲ್ಲು ಹಾಕಾಕತ್ತೀರಿ.'

ಕೆಳಗಿಳಿದು ಡಾಕ್ಟರರ ಬಳಿ ಹೋದೆ. 'ತಪ್ಪು ಆಕೀದಲ್ರಿ, ನಮ್ಮ ಮನೀ ಕೌದೀದು' ಎಂದೆ.

'ಹಗ್ಗ ಕಟ್ಟಿದವರು ಯಾರ್ರಿ?'

'ನಾನ್ರಿ' ಎಂದು ಒಪ್ಪಿಕೊಂಡೆ. ಅವರು ನಕ್ಕರು, ಕೆಲಸ ಆಕೆಯಲ್ಲೇ ಉಳಿಯಿತು.

ಮರುದಿನ ಹಗ್ಗವನ್ನು ತಟ್ಟೆಯ ಹಿಂಬದಿಗೆ ಕಟ್ಟಿ ಆಕೆಗೆ ಫೋನು ಮಾಡಿ ತಿಳಿಸಿದೆ. ಆಕೆ ನಂಬಲಿಲ್ಲ, ಬಸ್ಸು ಹತ್ತಿ ಬಂದು, ಮಾಳಿಗೆಗೆ ಹೋಗಿ ತಾನೇ ನೋಡಿಕೊಂಡಳು. ಅದು ನನಗೆ ಬಹಳ ಹಿಡಿಸಿತು.